ದುಡಿಮೆಯ ದಿನ ಯಾರ ಕೈಯಲ್ಲಿದೆ

ಒಂದು ತಪ್ಪು ಲೆಕ್ಕದಿಂದ ಶುರು ಮಾಡುತ್ತೇನೆ. ಲೆಕ್ಕ ಹಾಕಿದ ನಸಾವ್ ಸೀನಿಯರ್ ಸಾಮಾನ್ಯರೇನಲ್ಲ. ಆಕ್ಸ್‌ಫರ್ಡ್‌ನಲ್ಲಿ ರಾಜಕೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಸರ್ಕಾರ ಕರೆದು ಸಲಹೆ ಕೇಳುತ್ತಿದ್ದ ವಿದ್ವಾಂಸರು. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ದಿನದ ದುಡಿಮೆಯನ್ನು ಹತ್ತು ಗಂಟೆಗೆ ಮಿತಿಗೊಳಿಸಬೇಕೆಂದು ಕಾರ್ಮಿಕರು ಕೂಗೆಬ್ಬಿಸಿದ್ದಾಗ, 1837ರಲ್ಲಿ, ಇವರು ಅದರ ವಿರುದ್ಧ ಲೇಖನಿ ಹಿಡಿದರು. ಅವರ ವಾದ ಇಷ್ಟು: ಗಿರಣಿ ದಿನಕ್ಕೆ ಹನ್ನೊಂದೂವರೆ ಗಂಟೆ ನಡೆಯುತ್ತದೆ. ಮೊದಲ ಹತ್ತು ಗಂಟೆಯ ದುಡಿಮೆಯಿಂದ ಹೂಡಿದ ಬಂಡವಾಳ ವಾಪಸಾಗುತ್ತದೆ. ಆಮೇಲಿನ ಅರ್ಧ ಗಂಟೆ ಯಂತ್ರ ಮತ್ತು ಕಟ್ಟಡದ ಸವಕಳಿಯನ್ನು ತುಂಬಿಕೊಡುತ್ತದೆ. ನಿವ್ವಳ ಲಾಭವೆಲ್ಲ ಹುಟ್ಟುವುದು ಕಟ್ಟಕಡೆಯ ಒಂದು ಗಂಟೆಯಲ್ಲಿ. ಆ ಒಂದು ಗಂಟೆಯನ್ನು ಕಿತ್ತುಕೊಂಡರೆ ಲಾಭ ಸೊನ್ನೆಯಾಗುತ್ತದೆ, ಗಿರಣಿಗಳು ಮುಚ್ಚುತ್ತವೆ, ಕೊನೆಗೆ ಬೀದಿಗೆ ಬೀಳುವವರು ಕಾರ್ಮಿಕರೇ.

ಹತ್ತು ವರ್ಷ ಕಳೆದು, 1847ರಲ್ಲಿ, ಹೆಂಗಸರಿಗೂ ಹದಿಹರೆಯದವರಿಗೂ ಹತ್ತು ಗಂಟೆಯ ಮಿತಿ ಹಾಕುವ ಕಾನೂನು ಬಂದೇ ಬಿಟ್ಟಿತು. ಗಿರಣಿಗಳಲ್ಲಿ ಹೆಚ್ಚಿನವರು ಅವರೇ ಆಗಿದ್ದರಿಂದ ಅದು ಬಹುಮಟ್ಟಿಗೆ ಎಲ್ಲರ ಮಿತಿಯೂ ಆಯಿತು. ಇಂಗ್ಲೆಂಡಿನ ಹತ್ತಿ ಉದ್ಯಮ ಮುಚ್ಚಲಿಲ್ಲ. ಮುಂದಿನ ದಶಕಗಳಲ್ಲಿ ಅದು ಹಿಂದೆಂದೂ ಇಲ್ಲದಷ್ಟು ಬೆಳೆಯಿತು.

ಸೀನಿಯರ್ ಎಲ್ಲಿ ಎಡವಿದರು ಎಂಬುದನ್ನು ನೋಡಿದರೆ ನಮಗೆ ಒಂದು ದೊಡ್ಡ ಸಂಗತಿ ತಿಳಿಯುತ್ತದೆ. ನೂಲು ತೆಗೆಯುವ ಹೆಂಗಸು ಹತ್ತಿಯನ್ನು ಬೆಳೆದಿಲ್ಲ, ಯಂತ್ರವನ್ನೂ ಕಟ್ಟಿಲ್ಲ. ಅವು ಬೇರೆಯವರ ದುಡಿಮೆಯಿಂದ ಆಗಲೇ ತಯಾರಾಗಿ ಗಿರಣಿಗೆ ಬಂದವು. ಅವುಗಳ ಬೆಲೆ ನೂಲಿನ ಬೆಲೆಯೊಳಗೆ ಸುಮ್ಮನೆ ಸಾಗಿಬರುತ್ತದೆ. ಅದನ್ನು ಮತ್ತೆ ಹುಟ್ಟಿಸಲು ಈ ಹೆಂಗಸು ತನ್ನ ದಿನದಲ್ಲಿ ಗಂಟೆಗಟ್ಟಲೆ ಬೇರೆಯಾಗಿ ದುಡಿಯಬೇಕಾಗಿಲ್ಲ. ಅವಳು ತನ್ನ ದುಡಿಮೆಯಿಂದ ಹೊಸದಾಗಿ ಸೇರಿಸುವ ಮೌಲ್ಯ ಬೆಳಗಿನ ಮೊದಲ ಗಂಟೆಯಲ್ಲೂ ಸಂಜೆಯ ಕೊನೆಯ ಗಂಟೆಯಲ್ಲೂ ಒಂದೇ. ಹಾಗಾಗಿ ಲಾಭ ಕೂಡಿಕೊಂಡಿರುವ ಪವಿತ್ರವಾದ ಕೊನೆಯ ಗಂಟೆ ಎಂಬುದು ಯಾವುದೂ ಇಲ್ಲ. ಇಡೀ ದಿನವೇ ಎರಡು ಪಾಲಾಗಿ ಒಡೆದಿದೆ. ಆ ಒಡಕು ಎಲ್ಲಿ ಬೀಳುತ್ತದೆ, ಅದನ್ನು ಅತ್ತಿತ್ತ ಸರಿಸುವವರು ಯಾರು? ಇವತ್ತು ನಾನು ಹೇಳಬೇಕೆಂದಿರುವುದು ಈ ಒಂದೇ ವಿಷಯ. ಸಮಾಜವಾದವನ್ನು ನಾವು ಸಾಮಾನ್ಯವಾಗಿ ಆಸ್ತಿಯ ಪ್ರಶ್ನೆಯಾಗಿ, ಹಂಚಿಕೆಯ ಪ್ರಶ್ನೆಯಾಗಿ ಮಾತಾಡುತ್ತೇವೆ. ನನ್ನ ದೃಷ್ಟಿಯಲ್ಲಿ ಅದರ ಕೇಂದ್ರದಲ್ಲಿರುವುದು ಸಮಯ. ಮನುಷ್ಯರ ದಿನದ ಮೇಲೆ ಯಾರ ಅಧಿಕಾರ ನಡೆಯಬೇಕು ಎಂಬ ಪ್ರಶ್ನೆ.

ಸ್ವಲ್ಪ ಲೆಕ್ಕ ಮಾಡೋಣ, ಹಣದಲ್ಲಿ ಬೇಡ, ಗಂಟೆಗಳಲ್ಲೇ. ಒಬ್ಬ ಕಾರ್ಮಿಕ ಎಂಟು ಗಂಟೆ ದುಡಿಯುತ್ತಾನೆ ಎಂದುಕೊಳ್ಳಿ. ಅವನಿಗೆ ಸಿಗುವ ಕೂಲಿಯಿಂದ ಅವನೂ ಅವನ ಮನೆಯವರೂ ಒಂದು ದಿನ ಬದುಕಬಹುದು, ಮರುದಿನ ಅವನು ಮತ್ತೆ ಕೆಲಸಕ್ಕೆ ಬರಬಹುದು. ಆ ಕೂಲಿಗೆ ಸಮನಾದ ಮೌಲ್ಯವನ್ನು ಅವನು ನಾಲ್ಕು ಗಂಟೆಯಲ್ಲಿ ಸೃಷ್ಟಿಸಿಬಿಡುತ್ತಾನೆ. ಆದರೆ ಒಪ್ಪಂದ ಆಗಿರುವುದು ಎಂಟು ಗಂಟೆಗೆ. ಉಳಿದ ನಾಲ್ಕು ಗಂಟೆಯಲ್ಲಿ ಹುಟ್ಟಿದ್ದು ಮಾಲೀಕನದು. ಅದೇ ಲಾಭವಾಗುತ್ತದೆ, ಬಡ್ಡಿಯಾಗುತ್ತದೆ, ಬಾಡಿಗೆಯಾಗುತ್ತದೆ. ಇದನ್ನು ಕಾರ್ಲ್ ಮಾರ್ಕ್ಸ್ ಹೆಚ್ಚುವರಿ ಮೌಲ್ಯ ಎಂದರು. 1867ರಲ್ಲಿ ಬಂದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ದುಡಿಮೆಯ ದಿನದ ಬಗ್ಗೆಯೇ ಒಂದು ದೀರ್ಘ ಅಧ್ಯಾಯವಿದೆ. ಸೀನಿಯರ್ ಅವರ ಕೊನೆಯ ಗಂಟೆಯನ್ನು ಮಾರ್ಕ್ಸ್ ಎಳೆಎಳೆಯಾಗಿ ಬಿಡಿಸಿದ್ದು ಅದೇ ಸಂಪುಟದಲ್ಲಿ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಇದು ಮುಖ್ಯ. ಮಾಲೀಕ ಮಾರುಕಟ್ಟೆಯ ದರ ಕೊಟ್ಟೇ ದುಡಿಯುವ ಸಾಮರ್ಥ್ಯವನ್ನು ಕೊಂಡಿದ್ದಾನೆ. ಕೊಂಡ ವಸ್ತುವನ್ನು ಪೂರ್ತಿ ಬಳಸಿಕೊಳ್ಳುವುದು ಕೊಂಡವನ ಹಕ್ಕು ಎನ್ನುತ್ತಾನೆ. ಕಾರ್ಮಿಕ ಹೇಳುತ್ತಾನೆ: ನಾನು ಮಾರಿದ್ದು ಒಂದು ದಿನದ ಶಕ್ತಿಯನ್ನು. ನೀನು ಹೀಗೆ ಹಿಂಡಿದರೆ ಮೂವತ್ತು ವರ್ಷ ದುಡಿಯಬೇಕಾದ ದೇಹ ಹತ್ತೇ ವರ್ಷಕ್ಕೆ ಮುಗಿಯುತ್ತದೆ. ಮಾರುಕಟ್ಟೆಯ ನಿಯಮದ ಪ್ರಕಾರ ಇಬ್ಬರದೂ ನ್ಯಾಯವೇ. ಎರಡು ಹಕ್ಕುಗಳು ಸಮನಾಗಿ ಎದುರುಬದುರು ನಿಂತಾಗ ತೀರ್ಮಾನ ಮಾಡುವುದು ಬಲ. ದುಡಿಮೆಯ ದಿನ ಎಷ್ಟು ಉದ್ದವಿರಬೇಕೆಂದು ಯಾವ ಅರ್ಥಶಾಸ್ತ್ರದ ಸೂತ್ರವೂ ಹೇಳುವುದಿಲ್ಲ. ಅದು ಹೋರಾಟದಲ್ಲಿ ನಿರ್ಧಾರವಾಗುತ್ತದೆ.

ಒಪ್ಪಂದದ ಸ್ವಾತಂತ್ರ್ಯ ಎಂಬ ವಾದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1905ರ ಲಾಕ್‌ನರ್ ತೀರ್ಪನ್ನು ನೋಡಬೇಕು. ಬೇಕರಿ ಕೆಲಸಗಾರರು ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ಮೀರಿ ದುಡಿಯಬಾರದೆಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. ಹಿಟ್ಟಿನ ಧೂಳು, ಒಲೆಯ ಶಾಖ, ರಾತ್ರಿಯ ಕೆಲಸ. ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಹತ್ತು ಗಂಟೆಗಿಂತ ಹೆಚ್ಚು ದುಡಿಯಲು ಒಪ್ಪಿಕೊಳ್ಳುವುದು ಕೆಲಸಗಾರನ ಸ್ವಾತಂತ್ರ್ಯ, ಅದನ್ನು ಸರ್ಕಾರ ಕಸಿಯುವಂತಿಲ್ಲ ಎಂಬುದು ತೀರ್ಪಿನ ತಿರುಳು. ಹಸಿವು ಒಬ್ಬನ ಬೆನ್ನ ಹಿಂದೆ ನಿಂತಿರುವಾಗ ಅವನು ಹಾಕುವ ಸಹಿಯನ್ನು ಸ್ವಾತಂತ್ರ್ಯ ಎಂದು ಕರೆಯಲು ನಾನು ಸಿದ್ಧನಿಲ್ಲ. ಬದುಕಲು ತನ್ನ ದಿನವನ್ನು ಮಾರುವುದರ ಹೊರತು ಬೇರೆ ದಾರಿಯೇ ಇಲ್ಲದವನು, ಯಾರಿಗೆ ಮಾರಬೇಕು ಎಂಬುದನ್ನು ಆರಿಸಬಲ್ಲ. ಮಾರಬೇಕೇ ಬೇಡವೇ ಎಂಬುದನ್ನು ಆರಿಸಲಾರ.

ಈಗ ಹೋರಾಟದ ಕಡೆಗೆ ಬರುತ್ತೇನೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ ಎಂಬ ಹಂಚಿಕೆಯನ್ನು ರಾಬರ್ಟ್ ಓವೆನ್ 1817ರ ಹೊತ್ತಿಗೇ ಮುಂದಿಟ್ಟಿದ್ದರು. ಅವರು ಸ್ವತಃ ಗಿರಣಿ ನಡೆಸುತ್ತಿದ್ದವರು. 1856ರ ಏಪ್ರಿಲ್‌ನಲ್ಲಿ ಮೆಲ್ಬೋರ್ನ್‌ನ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟು, ಕೂಲಿ ಕಡಿತವಿಲ್ಲದೆ ಎಂಟು ಗಂಟೆಯ ದಿನವನ್ನು ಗೆದ್ದರು. 1886ರ ಮೇ 1ರಂದು ಅಮೆರಿಕದ ಉದ್ದಗಲಕ್ಕೂ ಇದೇ ಬೇಡಿಕೆಗೆ ಮುಷ್ಕರ ನಡೆಯಿತು. ಮೂರು ದಿನಗಳ ನಂತರ ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಬಾಂಬು ಸಿಡಿಯಿತು. ಅದನ್ನು ಎಸೆದವರು ಯಾರೆಂದು ಕೊನೆಗೂ ಸಾಬೀತಾಗಲಿಲ್ಲ, ಆದರೂ ಮರುವರ್ಷ ನಾಲ್ವರು ಕಾರ್ಮಿಕ ನಾಯಕರನ್ನು ಗಲ್ಲಿಗೇರಿಸಿದರು. 1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನ ಎಂಟು ಗಂಟೆಯ ಬೇಡಿಕೆಗಾಗಿ ಎಲ್ಲ ದೇಶಗಳಲ್ಲೂ ಒಂದೇ ದಿನ ಪ್ರದರ್ಶನ ನಡೆಯಬೇಕೆಂದು ನಿರ್ಣಯಿಸಿತು. ಮೇ ದಿನ ಹುಟ್ಟಿದ್ದು ಹೀಗೆ. ಅಂದರೆ ಅದು ಮೂಲತಃ ಸಮಯಕ್ಕಾಗಿ ನಡೆದ ಜಗಳದ ದಿನ. ಇವತ್ತು ಬಹಳ ಕಡೆ ಅದು ಹಾರ ತುರಾಯಿಗಳ ದಿನವಾಗಿರುವುದು ನನಗೆ ನೋವಿನ ಸಂಗತಿ.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದಾಗ ಅದರ ಮೊದಲನೆಯ ಒಡಂಬಡಿಕೆಯೇ ಉದ್ಯಮಗಳಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಮಿತಿ. ಅದಕ್ಕೆ ಎರಡು ವರ್ಷ ಮುಂಚೆ ರಷ್ಯದಲ್ಲಿ ಕ್ರಾಂತಿ ನಡೆದಿತ್ತು, ಹೊಸ ಸರ್ಕಾರ ಮೊದಲ ವಾರದಲ್ಲೇ ಎಂಟು ಗಂಟೆಯ ಆದೇಶ ಹೊರಡಿಸಿತ್ತು. ಜಗತ್ತಿನ ಬೇರೆ ಸರ್ಕಾರಗಳು ಅಷ್ಟು ಬೇಗ ಉದಾರವಾದದ್ದಕ್ಕೆ ಆ ಭಯವೂ ಒಂದು ಕಾರಣ.

ಇಲ್ಲಿಗೆ ಕಥೆ ಮುಗಿಯಿತೆಂದು ಬಹಳ ಜನ ಭಾವಿಸುತ್ತಾರೆ: ಎಂಟು ಗಂಟೆ ಸಿಕ್ಕಿತು, ಇನ್ನೇನು ಬೇಕು? ಆದರೆ ದಿನವನ್ನು ಉದ್ದ ಮಾಡುವ ದಾರಿ ಮುಚ್ಚಿದ ಕೂಡಲೇ ಬಂಡವಾಳ ಇನ್ನೊಂದು ದಾರಿ ಹುಡುಕಿತು. ಗಂಟೆಯ ಒಳಗಿನ ನಿಮಿಷಗಳನ್ನು ಬಿಗಿಗೊಳಿಸುವ ದಾರಿ ಅದು.

ಕೆಲಸದ ವೇಗವನ್ನು ಅಳೆದು ಹೆಚ್ಚಿಸುವ ವಿಧಾನ ರೂಪಿಸಿದ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ತಾವೇ ಕೊಟ್ಟ ಲೆಕ್ಕವನ್ನು ನೋಡಿ. 1899ರಲ್ಲಿ ಅಮೆರಿಕದ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ವ್ಯಾಗನ್ನಿಗೆ ಹಾಕುವ ಕೆಲಸಗಾರರು ದಿನಕ್ಕೆ ತಲಾ ಸುಮಾರು ಹನ್ನೆರಡೂವರೆ ಟನ್ ಸಾಗಿಸುತ್ತಿದ್ದರು. ಟೇಲರ್ ಗಡಿಯಾರ ಹಿಡಿದು ನಿಂತರು. ಎಷ್ಟು ಹೆಜ್ಜೆ, ಎಷ್ಟು ಹೊತ್ತು ಹೊರುವುದು, ಎಷ್ಟು ಹೊತ್ತು ಕೂರುವುದು, ಎಲ್ಲವನ್ನೂ ಅಳೆದರು. ಎತ್ತು ಎಂದಾಗ ಎತ್ತಬೇಕು, ಕೂರು ಎಂದಾಗ ಕೂರಬೇಕು, ಎದುರು ಮಾತಾಡಬಾರದು. ಹೀಗೆ ಒಬ್ಬ ಕೆಲಸಗಾರನಿಂದ ದಿನಕ್ಕೆ ನಲವತ್ತೇಳು ಟನ್ ಹೊರಿಸಿದೆ ಎಂದು ಅವರು ಹೆಮ್ಮೆಯಿಂದ ಬರೆದುಕೊಂಡರು. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ಶೇಕಡಾ 60ರಷ್ಟು ಹೆಚ್ಚು. ಈ ಅಂಕಿಗಳು ಉಬ್ಬಿಸಿದವು ಎಂದು ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ನನಗೆ ಮುಖ್ಯವೆನಿಸುವುದು ಟೇಲರ್ ಅದನ್ನು ನ್ಯಾಯವಾದ ಹಂಚಿಕೆ ಎಂದು ತಿಳಿದಿದ್ದರು ಎಂಬುದು. ಕೂಲಿ ಏರಿತಲ್ಲ ಎಂದು ಅವರು ಕೇಳುತ್ತಾರೆ. ಹೌದು, ಏರಿತು. ಅದರ ಜೊತೆಗೇ ಕಾರ್ಮಿಕ ತನಗಾಗಿ ದುಡಿಯುವ ಪಾಲು ಕುಗ್ಗಿತು, ಬೇರೆಯವನಿಗಾಗಿ ದುಡಿಯುವ ಪಾಲು ಹಿಗ್ಗಿತು. ಕೂಲಿಯೊಂದನ್ನೇ ನೋಡುವವರಿಗೆ ಇದು ಕಾಣುವುದಿಲ್ಲ. ನಮ್ಮ ಸಂಘಟನೆಗಳಲ್ಲೂ ಎಷ್ಟೋ ಸಲ ಮಾತುಕತೆಯೆಲ್ಲ ಕೂಲಿಯ ಅಂಕಿಯ ಸುತ್ತಲೇ ಸುತ್ತಿ, ವೇಗದ ಪ್ರಶ್ನೆಯನ್ನು ಆಡಳಿತಕ್ಕೆ ಬಿಟ್ಟುಕೊಟ್ಟದ್ದಿದೆ. ಕೂಲಿಯ ಹೋರಾಟ ಬೇಡವೆಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ಬದುಕೇ ಇಲ್ಲ. ಆದರೆ ವೇಗವನ್ನು ಬಿಟ್ಟುಕೊಟ್ಟವರು ಅರ್ಧ ಸೋತಂತೆ.

ಫೋರ್ಡ್ ಕಾರ್ಖಾನೆಯ ಉದಾಹರಣೆ ಇದಕ್ಕಿಂತ ಸ್ಪಷ್ಟ. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಮೊದಲು ಒಂದು ಕಾರಿನ ಚೌಕಟ್ಟನ್ನು ಜೋಡಿಸಲು ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು, ಆಮೇಲೆ ಸುಮಾರು ಒಂದೂವರೆ ಗಂಟೆ ಸಾಕಾಯಿತು. ಕಾರ್ಮಿಕರು ಇದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು: ಬಿಟ್ಟುಹೋದರು. ಸುಮಾರು ಹದಿನಾಲ್ಕು ಸಾವಿರ ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಆ ಒಂದೇ ವರ್ಷದಲ್ಲಿ ಐವತ್ತೆರಡು ಸಾವಿರ ಜನರನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಮತ್ತು ಎಂಟು ಗಂಟೆಯ ಪಾಳಿ ಘೋಷಿಸಿದ್ದು ಈ ಹಿನ್ನೆಲೆಯಲ್ಲಿ. ಅದನ್ನು ಉದಾರತೆ ಎಂದು ಇಂದಿಗೂ ಪಾಠ ಮಾಡುತ್ತಾರೆ. ಆ ಐದು ಡಾಲರ್ ಪಡೆಯಲು ಕಾರ್ಮಿಕನ ಮನೆ ಚೊಕ್ಕಟವಾಗಿದೆಯೇ, ಅವನು ಕುಡಿಯುತ್ತಾನೆಯೇ, ಉಳಿತಾಯ ಮಾಡುತ್ತಾನೆಯೇ ಎಂದು ಕಂಪನಿಯ ತನಿಖಾಧಿಕಾರಿಗಳು ಮನೆಗೇ ಬಂದು ನೋಡುತ್ತಿದ್ದರು ಎಂಬುದನ್ನು ಪಾಠದಲ್ಲಿ ಬಿಡುತ್ತಾರೆ. ಕಾರ್ಖಾನೆಯ ಗಂಟೆಗಳು ಎಂಟಕ್ಕೆ ಇಳಿದವು, ಕಾರ್ಖಾನೆಯ ಕಣ್ಣು ಮಾತ್ರ ಉಳಿದ ಹದಿನಾರು ಗಂಟೆಗಳ ಒಳಗೂ ಬಂತು.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಯಂತ್ರದ ವಿಷಯ ಬಂದಾಗಲೆಲ್ಲ ಸಮಾಜವಾದಿಗಳನ್ನು ಯಂತ್ರವಿರೋಧಿಗಳು ಎನ್ನುವವರಿದ್ದಾರೆ, ಲಡ್ಡೈಟರ ಹೆಸರು ತೆಗೆಯುತ್ತಾರೆ. 1811ರಿಂದ ಇಂಗ್ಲೆಂಡಿನಲ್ಲಿ ಮಗ್ಗ ಮುರಿದ ಆ ನೇಕಾರರು, ಬಟ್ಟೆ ಕುಶಲಕರ್ಮಿಗಳು ಮೊದಲಿನಿಂದಲೂ ಯಂತ್ರದ ಜೊತೆಗೇ ಕೆಲಸ ಮಾಡಿದವರು. ನಾಟಿಂಗ್‌ಹ್ಯಾಮ್‌ನಲ್ಲಿ ಅವರು ಮುರಿದದ್ದು ಕೂಲಿ ಇಳಿಸಿದ, ಕಳಪೆ ಮಾಲು ತೆಗೆಯುತ್ತಿದ್ದ ಮಾಲೀಕರ ಹೆಣಿಗೆ ಯಂತ್ರಗಳನ್ನು. ಪಕ್ಕದಲ್ಲೇ ಇದ್ದ, ಒಪ್ಪಿದ ದರ ಕೊಡುತ್ತಿದ್ದವರ ಯಂತ್ರಗಳನ್ನು ಎಷ್ಟೋ ಕಡೆ ಮುಟ್ಟಲಿಲ್ಲ. 1812ರಲ್ಲಿ ಸಂಸತ್ತು ಯಂತ್ರ ಮುರಿದವರಿಗೆ ಮರಣದಂಡನೆ ಎಂದು ಕಾನೂನು ಮಾಡಿತು, ಅವರು ಮಾತಾಡಬಹುದಾದ ಯಾವ ವೇದಿಕೆಯನ್ನೂ ಕೊಡಲಿಲ್ಲ. ಸಂಘ ಕಟ್ಟುವುದೇ ಆಗ ಅಪರಾಧವಾಗಿತ್ತು. ಇವತ್ತು ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡುವಾಗಲೂ ನಾವು ಕೇಳಬೇಕಾದದ್ದು ಅದೇ: ಯಂತ್ರ ಉಳಿಸಿಕೊಟ್ಟ ಗಂಟೆಗಳು ಯಾರ ಪಾಲಿಗೆ ಹೋದವು?

ಆ ಪ್ರಶ್ನೆಗೆ ಒಂದು ಉತ್ತರ ನಮ್ಮ ಕಣ್ಣೆದುರಿಗೇ ಇದೆ. 1930ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್, ಅವರು ಸಮಾಜವಾದಿಯಲ್ಲ, ಇನ್ನು ನೂರು ವರ್ಷಗಳಲ್ಲಿ ಜನ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾಗುತ್ತದೆ ಎಂದು ಅಂದಾಜು ಮಾಡಿದರು. ಆ ನೂರು ವರ್ಷ ತುಂಬುತ್ತಾ ಬಂದಿದೆ. ಉತ್ಪಾದಕತೆ ಅವರು ಊಹಿಸಿದಷ್ಟು ಬೆಳೆದಿದೆ. ಹದಿನೈದು ಗಂಟೆ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರು ಜಗತ್ತಿನಲ್ಲಿ 48 ಕೋಟಿಗೂ ಹೆಚ್ಚು ಜನ. ಅಂಥ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಸುಮಾರು 7,45,000 ಜನ ಸತ್ತರು. ಅದೇ ಜಗತ್ತಿನಲ್ಲಿ ಕೋಟ್ಯಂತರ ಜನ ಕೆಲಸವಿಲ್ಲದೆ ಕೂತಿದ್ದಾರೆ. ಒಬ್ಬನಿಗೆ ಸಾಯುವಷ್ಟು ಕೆಲಸ, ಇನ್ನೊಬ್ಬನಿಗೆ ಕೆಲಸವೇ ಇಲ್ಲ. ಇವೆರಡೂ ಒಂದೇ ವ್ಯವಸ್ಥೆಯ ಎರಡು ಮುಖ. ಹೊರಗೆ ಕಾಯುತ್ತಿರುವವರ ಸಾಲು ಉದ್ದವಿದ್ದಷ್ಟೂ ಒಳಗಿರುವವನು ಇನ್ನೂ ಒಂದು ಗಂಟೆ ಹೆಚ್ಚು ದುಡಿಯಲು ಒಪ್ಪುತ್ತಾನೆ. ಅವನು ಹೆಚ್ಚು ದುಡಿದಷ್ಟೂ ಹೊರಗಿನ ಸಾಲು ಉದ್ದವಾಗುತ್ತದೆ.

ಇದು ಪ್ರಕೃತಿಯ ನಿಯಮವಲ್ಲ ಎಂಬುದಕ್ಕೆ ಕೇನ್ಸ್ ಬರೆದ ವರ್ಷದಲ್ಲೇ ಒಂದು ಪ್ರಯೋಗ ನಡೆಯಿತು. ಜಗತ್ತಿನ ಆರ್ಥಿಕ ಮಹಾಕುಸಿತದ ಆರಂಭದಲ್ಲಿ, 1930ರ ಡಿಸೆಂಬರ್‌ನಲ್ಲಿ, ಅಮೆರಿಕದ ಬ್ಯಾಟಲ್ ಕ್ರೀಕ್‌ನ ಕೆಲಾಗ್ ಕಾರ್ಖಾನೆ ಎಂಟು ಗಂಟೆಯ ಮೂರು ಪಾಳಿಗಳ ಬದಲು ಆರು ಗಂಟೆಯ ನಾಲ್ಕು ಪಾಳಿಗಳನ್ನು ತಂದಿತು. ಊರಿನಲ್ಲಿ ಕೆಲಸ ಕಳೆದುಕೊಂಡವರಿಗೆ ಕೆಲಸ ಸಿಕ್ಕಿತು. ಗಂಟೆಯ ದರವನ್ನೂ ಏರಿಸಿದರು. ಕೆಲವು ವಿಭಾಗಗಳಲ್ಲಿ, ಅದರಲ್ಲೂ ಹೆಂಗಸರು ಹೆಚ್ಚಿದ್ದ ಕಡೆ, ಆರು ಗಂಟೆಯ ಪಾಳಿ 1985ರವರೆಗೂ ಉಳಿಯಿತು. ಅದನ್ನು ಕೊನೆಯವರೆಗೂ ಬಿಡದೆ ಹಿಡಿದುಕೊಂಡವರು ಆ ಹೆಂಗಸರೇ.

ಹೆಂಗಸರ ಮಾತು ಬಂದಿತು. ನಾನು ಇದುವರೆಗೆ ಹೇಳಿದ ಲೆಕ್ಕದಲ್ಲಿ ಒಂದು ದೊಡ್ಡ ಭಾಗ ಬಿಟ್ಟುಹೋಗಿದೆ, ನಿಮ್ಮಲ್ಲಿ ಕೆಲವರು ಆಗಲೇ ಗಮನಿಸಿರುತ್ತೀರಿ. ಕೂಲಿಯಿಂದ ಕಾರ್ಮಿಕ ಮರುದಿನ ಮತ್ತೆ ಕೆಲಸಕ್ಕೆ ಬರುವಂತಾಗುತ್ತದೆ ಎಂದೆ. ಕೂಲಿಯ ಹಣ ತಾನಾಗಿಯೇ ಅಡುಗೆಯಾಗುವುದಿಲ್ಲ. ಬಟ್ಟೆ ಒಗೆಯುವವರು, ಮಗುವನ್ನು ಎತ್ತಿ ಬೆಳೆಸುವವರು, ಕಾಯಿಲೆ ಬಿದ್ದವರ ಪಕ್ಕ ರಾತ್ರಿಯಿಡೀ ಎದ್ದಿರುವವರು ಇದ್ದಾರೆ. ದುಡಿಯುವ ಶಕ್ತಿಯನ್ನು ಪ್ರತಿದಿನ ಹೊಸದಾಗಿ ತಯಾರಿಸಿಕೊಡುವ ಈ ದುಡಿಮೆಗೆ ಕೂಲಿಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಇದನ್ನು ಅಳೆಯಲು ಯತ್ನಿಸಿತು: ಜಗತ್ತಿನಲ್ಲಿ ದಿನವೊಂದಕ್ಕೆ 1,640 ಕೋಟಿ ಗಂಟೆಗಳ ಸಂಬಳವಿಲ್ಲದ ಆರೈಕೆಯ ಕೆಲಸ. ಅಂದರೆ 200 ಕೋಟಿ ಜನ ದಿನಕ್ಕೆ ಎಂಟು ಗಂಟೆ ಪುಕ್ಕಟೆ ದುಡಿದಂತೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಮಾಡುವವರು ಹೆಂಗಸರು.

ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿರಾಮ ಎಂಬ ಆ ಸುಂದರ ಘೋಷಣೆ ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿತು ಎಂದು ಯೋಚಿಸಿ. ಮನೆಗೆ ಬಂದರೆ ಊಟ ಸಿದ್ಧವಾಗಿರುವ ಗಂಡಸನ್ನು. ಅವನ ವಿರಾಮದ ಎಂಟು ಗಂಟೆಯಲ್ಲಿ ಇನ್ನೊಬ್ಬಳ ಎರಡನೆಯ ಪಾಳಿ ಅಡಗಿದೆ. ಸಮಾಜವಾದಿ ಚಳವಳಿ ಈ ಮಾತನ್ನು ಕೇಳಿಸಿಕೊಳ್ಳಲು ಬಹಳ ತಡ ಮಾಡಿತು. 1972ರಲ್ಲಿ ಇಟಲಿಯ ಪಡುವಾದಲ್ಲಿ ಮರಿಯರೋಸಾ ದಲ್ಲಾ ಕೋಸ್ತಾ, ಸೆಲ್ಮಾ ಜೇಮ್ಸ್, ಸಿಲ್ವಿಯಾ ಫೆಡೆರಿಚಿ ಮೊದಲಾದವರು ಮನೆಗೆಲಸಕ್ಕೆ ಕೂಲಿ ಬೇಕೆಂಬ ಚಳವಳಿ ಶುರು ಮಾಡಿದಾಗ ಅವರನ್ನು ಕಟುವಾಗಿ ಟೀಕಿಸಿದವರಲ್ಲಿ ಎಡಪಂಥೀಯರೂ ಇದ್ದರು. ಆ ಬೇಡಿಕೆಯ ರೂಪದ ಬಗ್ಗೆ ನನಗೂ ಅನುಮಾನಗಳಿವೆ. ಕೂಲಿ ಕೊಟ್ಟರೆ ಹೆಂಗಸರನ್ನು ಅಡುಗೆಮನೆಗೆ ಇನ್ನಷ್ಟು ಗಟ್ಟಿಯಾಗಿ ಕಟ್ಟಿದಂತಾದೀತು ಎಂಬ ಆತಂಕ ಸುಳ್ಳಲ್ಲ. ಆದರೆ ಅವರು ಎತ್ತಿದ ಪ್ರಶ್ನೆಯನ್ನು ಬಿಟ್ಟು ದುಡಿಮೆಯ ಬಗ್ಗೆ ಮಾತಾಡಲು ಈಗ ಸಾಧ್ಯವಿಲ್ಲ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇಕಡಾ 90ರಷ್ಟು ಹೆಂಗಸರು ಕಚೇರಿಯ ಕೆಲಸವನ್ನೂ ಮನೆಗೆಲಸವನ್ನೂ ಒಟ್ಟಿಗೆ ನಿಲ್ಲಿಸಿದರು. ಶಾಲೆ, ಅಂಗಡಿ, ಮೀನಿನ ಕಾರ್ಖಾನೆಗಳು ಮುಚ್ಚಿದವು ಅಥವಾ ಕುಂಟುತ್ತಾ ನಡೆದವು. ಗಂಡಸರು ಮಕ್ಕಳನ್ನು ಕರೆದುಕೊಂಡು ಕೆಲಸಕ್ಕೆ ಹೋಗಬೇಕಾಯಿತು. ಮರುವರ್ಷ ಅಲ್ಲಿನ ಸಂಸತ್ತು ಲಿಂಗ ಸಮಾನತೆಯ ಕಾನೂನು ಮಾಡಿತು. ಲೆಕ್ಕದಲ್ಲೇ ಇಲ್ಲದ ದುಡಿಮೆ ಒಂದು ದಿನ ನಿಂತಾಗ ಲೆಕ್ಕಕ್ಕೆ ಬಂತು.

ಈಗ ಮೊಬೈಲ್ ಆ್ಯಪ್‌ಗಳ ದುಡಿಮೆಗೆ ಬರುತ್ತೇನೆ. ಅದಕ್ಕೆ ಮುಂಚೆ 1848ರ ಇಂಗ್ಲೆಂಡಿಗೆ ಒಮ್ಮೆ ಹಿಂದಿರುಗಬೇಕು. ಹತ್ತು ಗಂಟೆಯ ಕಾನೂನು ಜಾರಿಗೆ ಬಂದ ಮೇಲೆ ಮಾಲೀಕರು ಒಂದು ಉಪಾಯ ಹುಡುಕಿದರು. ಕಾರ್ಮಿಕರನ್ನು ಒಂದೇ ಸಮನೆ ಹತ್ತು ಗಂಟೆ ದುಡಿಸುವ ಬದಲು ದಿನವನ್ನು ಚೂರುಚೂರು ಮಾಡಿದರು. ಅರ್ಧ ಗಂಟೆ ಕೆಲಸ, ಒಂದು ಗಂಟೆ ಹೊರಗೆ, ಮತ್ತೆ ಕೆಲಸ, ಮತ್ತೆ ಹೊರಗೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಹದಿನೈದು ಗಂಟೆ ಕಾರ್ಮಿಕ ಗಿರಣಿಯ ಕೈಗೆ ಸಿಗುವಷ್ಟು ಹತ್ತಿರವೇ ಇರಬೇಕು, ದಾಖಲೆಯಲ್ಲಿ ಮಾತ್ರ ಹತ್ತು ಗಂಟೆ. ಯಾರು ಯಾವಾಗ ಒಳಗಿದ್ದರು ಎಂದು ಕಾರ್ಖಾನೆ ಇನ್‌ಸ್ಪೆಕ್ಟರುಗಳು ಪತ್ತೆ ಮಾಡುವುದೇ ಅಸಾಧ್ಯವಾಯಿತು. ಲೆನರ್ಡ್ ಹಾರ್ನರ್ ಎಂಬ ಇನ್‌ಸ್ಪೆಕ್ಟರ್ ಇದರ ವಿರುದ್ಧ ಮೊಕದ್ದಮೆಗಳನ್ನು ಹೂಡಿದರು. ಎಷ್ಟೋ ಕಡೆ ವಿಚಾರಣೆ ನಡೆಸಿದ ಮ್ಯಾಜಿಸ್ಟ್ರೇಟರೇ ಗಿರಣಿ ಮಾಲೀಕರಾಗಿದ್ದರು. 1850ರಲ್ಲಿ ಉನ್ನತ ನ್ಯಾಯಾಲಯವೂ ಈ ಉಪಾಯ ಕಾನೂನುಬದ್ಧ ಎಂದಿತು. ಕೊನೆಗೆ ಅದೇ ವರ್ಷ ಹೊಸ ಕಾನೂನು ತಂದು, ಕೆಲಸ ಬೆಳಗ್ಗೆ ಆರಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯಬೇಕು ಎಂದು ಗಡಿಯಾರದಲ್ಲೇ ಗೆರೆ ಎಳೆದ ಮೇಲೆ ಆ ಆಟ ನಿಂತಿತು. ದುಡಿಮೆಗೆ ಆರಂಭ ಮತ್ತು ಅಂತ್ಯ ಬೇಕು, ಆ ಹೊತ್ತಿನ ಆಚೆಗಿನ ಸಮಯ ಪೂರ್ತಿ ತನ್ನದು ಎಂದು ಕಾರ್ಮಿಕನಿಗೆ ಖಚಿತವಾಗಿ ಗೊತ್ತಿರಬೇಕು. 1850ರ ಗೆಲುವು ಅದು.

ಆ್ಯಪ್ ಮಾಡಿರುವುದು ಆ ಗೆರೆಯನ್ನು ಅಳಿಸುವ ಕೆಲಸ. ಚಾಲಕನೋ ಸಾಮಾನು ತಲುಪಿಸುವವನೋ ಹದಿಮೂರು ಗಂಟೆ ರಸ್ತೆಯಲ್ಲಿರುತ್ತಾನೆ. ಸವಾರಿ ನಡೆದ ಹೊತ್ತಿಗೆ ಮಾತ್ರ ಹಣ. ಕಾದ ಹೊತ್ತು ಅವನದು ಎನ್ನುತ್ತದೆ ಕಂಪನಿ. ಆದರೆ ಅವನು ಕಾಯದೆ ಹೋದರೆ, ಕರೆದ ಎರಡು ನಿಮಿಷಕ್ಕೆ ಗಾಡಿ ಬಂದು ನಿಲ್ಲುತ್ತದೆ ಎಂಬ ಕಂಪನಿಯ ಭರವಸೆಗೆ ಆಧಾರವೇ ಇಲ್ಲ. ಕಂಪನಿ ಗ್ರಾಹಕರಿಗೆ ಮಾರುತ್ತಿರುವುದೇ ಈ ಕಾಯುವಿಕೆಯನ್ನು, ಅದಕ್ಕೆ ಕೊಡುವುದು ಮಾತ್ರ ಏನೂ ಇಲ್ಲ. ತುಂಡುಗೂಲಿಯ ಬಗ್ಗೆ ಮಾರ್ಕ್ಸ್ ನೂರೈವತ್ತು ವರ್ಷಗಳ ಹಿಂದೆಯೇ ಕಂಡಿದ್ದು ಇಲ್ಲಿ ಅಕ್ಷರಶಃ ನಡೆಯುತ್ತಿದೆ: ತುಣುಕಿಗಿಷ್ಟು ಎಂದು ಕೊಟ್ಟರೆ ಮೇಸ್ತ್ರಿಯ ಅಗತ್ಯ ಕಡಿಮೆ, ಕೆಲಸಗಾರ ತಾನೇ ತನ್ನ ದಿನವನ್ನು ಉದ್ದ ಮಾಡಿಕೊಳ್ಳುತ್ತಾನೆ. ಎಲ್ಲರೂ ಹಾಗೆ ಮಾಡಿದಾಗ ತುಣುಕಿನ ದರ ಇಳಿಯುತ್ತದೆ.

2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಊಬರ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಅದಕ್ಕಾಗಿಯೇ ಮಹತ್ವದ್ದು. ಚಾಲಕರು ಸ್ವಂತ ಉದ್ಯಮಿಗಳಲ್ಲ, ಕಾನೂನಿನ ರಕ್ಷಣೆಗೆ ಅರ್ಹರಾದ ಕೆಲಸಗಾರರು ಎಂದಿತು. ಅದಕ್ಕಿಂತ ಮುಖ್ಯವಾಗಿ, ಚಾಲಕ ತನ್ನ ಪ್ರದೇಶದಲ್ಲಿ ಆ್ಯಪ್‌ಗೆ ಲಾಗಿನ್ ಆಗಿ ಸವಾರಿ ಸ್ವೀಕರಿಸಲು ಸಿದ್ಧನಾಗಿರುವ ಹೊತ್ತೆಲ್ಲವೂ ದುಡಿಮೆಯ ಹೊತ್ತೇ ಎಂದಿತು. 2024ರಲ್ಲಿ ಯುರೋಪಿಯನ್ ಒಕ್ಕೂಟವೂ ಇಂಥ ಕೆಲಸದ ಬಗ್ಗೆ ನಿರ್ದೇಶನ ತಂದು, ಅಲ್ಗಾರಿದಮ್, ಅಂದರೆ ಆ್ಯಪ್‌ನ ಹಿಂದೆ ಲೆಕ್ಕ ಹಾಕಿ ತೀರ್ಮಾನಿಸುವ ಗಣಕ ಸೂತ್ರ, ಒಂದೇ ಸ್ವತಃ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಅಂಥ ನಿರ್ಧಾರದ ಮೇಲೆ ಮನುಷ್ಯರ ಉಸ್ತುವಾರಿ ಇರಬೇಕು ಎಂದು ವಿಧಿಸಿತು. ಇವು ಸಣ್ಣ ಗೆಲುವುಗಳೆಂದು ನಾನು ಭಾವಿಸುವುದಿಲ್ಲ. ಅಲ್ಗಾರಿದಮ್ಮಿನ ಲೆಕ್ಕಪುಸ್ತಕವನ್ನು ಕಾರ್ಮಿಕ ಸಂಘದ ಮುಂದೆ ತೆರೆದಿಡಬೇಕು ಎಂಬುದು ಇಂದಿನ ಹೋರಾಟದ ಮೊದಲ ಸಾಲಿನ ಬೇಡಿಕೆಯಾಗಬೇಕು.

ಒಂದು ಕಷ್ಟದ ವಿಷಯವನ್ನು ತಪ್ಪಿಸಿಕೊಂಡು ಹೋಗಲಾರೆ. ಬಂಡವಾಳಿಗನನ್ನು ತೆಗೆದುಹಾಕಿದರೆ ಸಮಯ ಕಾರ್ಮಿಕನ ಕೈಗೆ ತಾನಾಗಿ ಬರುತ್ತದೆಯೇ? ಸೋವಿಯತ್ ಒಕ್ಕೂಟದ ಅನುಭವ ಇಲ್ಲ ಎನ್ನುತ್ತದೆ. ಮೊದಲ ವಾರದಲ್ಲೇ ಎಂಟು ಗಂಟೆಯ ಆದೇಶ ಹೊರಡಿಸಿದ ದೇಶ ಅದು. 1935ರಲ್ಲಿ ಅಲೆಕ್ಸಿ ಸ್ಟಖಾನೋವ್ ಎಂಬ ಗಣಿ ಕಾರ್ಮಿಕ ಒಂದು ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದನೆಂದು ಸಾರಿ, ಆ ದಾಖಲೆಯ ಹೆಸರಿನಲ್ಲಿ ಉಳಿದೆಲ್ಲರ ದಿನದ ಗುರಿಯನ್ನು ಏರಿಸಿದರು. ಟೇಲರ್ ಬೆಥ್ಲೆಹೆಮ್‌ನಲ್ಲಿ ಒಬ್ಬನನ್ನು ಮಾದರಿಯಾಗಿ ನಿಲ್ಲಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? 1940ರ ಜೂನ್ ಆದೇಶದಂತೆ ಅನುಮತಿಯಿಲ್ಲದೆ ಕೆಲಸ ಬಿಡುವುದು ಶಿಕ್ಷಾರ್ಹ ಅಪರಾಧವಾಯಿತು. ಇಪ್ಪತ್ತು ನಿಮಿಷ ಮೀರಿ ತಡವಾಗಿ ಬಂದವನನ್ನೂ ಅಪರಾಧಿಯಾಗಿ ಕೋರ್ಟಿಗೆ ಎಳೆಯುತ್ತಿದ್ದರು. ಯುದ್ಧ ಹೊಸ್ತಿಲಲ್ಲಿತ್ತು ಎಂಬ ವಿವರಣೆ ಇದೆ, ಅದರಲ್ಲಿ ಸತ್ಯವೂ ಇದೆ. ಆದರೆ ಯುದ್ಧ ಮುಗಿದ ಮೇಲೂ ಆ ಆದೇಶ ವರ್ಷಗಟ್ಟಲೆ ರದ್ದಾಗಲಿಲ್ಲ. ಕಾರ್ಖಾನೆ ಸರ್ಕಾರದ್ದಾಗಿತ್ತು, ಸಂಘಗಳು ಸರ್ಕಾರದ ಅಂಗವಾಗಿದ್ದವು, ಕಾರ್ಮಿಕನಿಗೆ ಬೇಡ ಎನ್ನುವ ಹಕ್ಕು ಇರಲಿಲ್ಲ. ವಿರೋಧಿಸುವವರಿಗೆ ಸ್ವಾತಂತ್ರ್ಯವಿಲ್ಲದೆ ಸಮಾಜವಾದ ಬದುಕುವುದಿಲ್ಲ ಎಂದು ಜರ್ಮನಿಯ ಸಮಾಜವಾದಿ ನಾಯಕಿ ರೋಸಾ ಲಕ್ಸೆಂಬರ್ಗ್ 1918ರಲ್ಲಿ, ಜೈಲಿನಲ್ಲಿದ್ದುಕೊಂಡೇ, ಎಚ್ಚರಿಸಿದ್ದರು. ಆಸ್ತಿಪತ್ರದಲ್ಲಿ ಯಾರ ಹೆಸರಿದೆ ಎಂಬುದು ಅರ್ಧ ಪ್ರಶ್ನೆ. ಎಷ್ಟು ಹೊತ್ತು, ಎಷ್ಟು ವೇಗ, ಏನನ್ನು ಮಾಡಬೇಕು ಎಂಬುದನ್ನು ತೀರ್ಮಾನಿಸುವ ಸಭೆಯಲ್ಲಿ ದುಡಿಯುವವರು ಕೂತಿದ್ದಾರೆಯೇ ಎಂಬುದು ಉಳಿದರ್ಧ.

ಈ ಉಳಿದರ್ಧಕ್ಕೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆಯಿದೆ. 1970ರ ದಶಕದಲ್ಲಿ ಬ್ರಿಟನ್ನಿನ ಲೂಕಾಸ್ ಏರೋಸ್ಪೇಸ್ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯುವ ಯೋಚನೆಯಲ್ಲಿತ್ತು. ಅದರ ವ್ಯವಹಾರದಲ್ಲಿ ಅರ್ಧದಷ್ಟು ಸೇನೆಗೆ ಬೇಕಾದ ಸಾಮಗ್ರಿ. ಬೇರೆ ಬೇರೆ ಊರುಗಳ ಕಾರ್ಖಾನೆಗಳ ಸಂಘದ ಪ್ರತಿನಿಧಿಗಳು ಒಂದು ಜಂಟಿ ಸಮಿತಿ ಮಾಡಿಕೊಂಡು, ಕೆಲಸ ಉಳಿಸಿ ಎಂದು ಬೇಡುವುದರ ಬದಲು, ತಮ್ಮ ಸಹೋದ್ಯೋಗಿಗಳಿಗೆ ಒಂದು ಪ್ರಶ್ನಾವಳಿ ಕಳಿಸಿದರು. ನಿಮ್ಮಲ್ಲಿ ಯಾವ ಕೌಶಲವಿದೆ, ಯಾವ ಯಂತ್ರಗಳಿವೆ, ಜನರಿಗೆ ನಿಜಕ್ಕೂ ಬೇಕಾದ ಯಾವುದನ್ನು ನೀವು ಮಾಡಬಲ್ಲಿರಿ? 1976ರಲ್ಲಿ ಸುಮಾರು 150 ವಸ್ತುಗಳ ವಿವರವಾದ ಯೋಜನೆ ಹೊರಬಂತು. ಮೂತ್ರಪಿಂಡದ ಡಯಾಲಿಸಿಸ್ ಯಂತ್ರ, ಶಾಖ ಪಂಪು, ಗಾಳಿಯಂತ್ರ, ಇಂಧನವೂ ಬ್ಯಾಟರಿಯೂ ಒಟ್ಟಿಗಿರುವ ವಾಹನ, ರಸ್ತೆಯಲ್ಲೂ ಹಳಿಯಲ್ಲೂ ಓಡುವ ಬಸ್. ಹವಾಮಾನದ ಚರ್ಚೆ ಇನ್ನೂ ಜನರ ಬಾಯಿಗೆ ಬಂದಿರಲಿಲ್ಲ ಎಂಬುದನ್ನು ನೆನಪಿಡಿ.

ಆಡಳಿತ ಮಂಡಳಿ ಯೋಜನೆಯನ್ನು ತಿರಸ್ಕರಿಸಿತು. ಏನನ್ನು ತಯಾರಿಸಬೇಕೆಂದು ಹೇಳುವುದು ಕಾರ್ಮಿಕರ ಕೆಲಸವಲ್ಲ ಎಂಬುದೇ ಅದರ ನಿಲುವು. ಆಗ ಅಧಿಕಾರದಲ್ಲಿದ್ದ ಲೇಬರ್ ಸರ್ಕಾರವೂ ಮಾತಿನ ಬೆಂಬಲ ಬಿಟ್ಟರೆ ಹೆಚ್ಚೇನೂ ಮಾಡಲಿಲ್ಲ. ಯೋಜನೆಯ ಮುಂಚೂಣಿಯಲ್ಲಿದ್ದ ಎಂಜಿನಿಯರ್ ಮೈಕ್ ಕೂಲಿ ಅವರನ್ನು 1981ರಲ್ಲಿ ಕಂಪನಿ ಕೆಲಸದಿಂದ ತೆಗೆದುಹಾಕಿತು. ಅವರು ಅದೇ ವರ್ಷ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಗೆ ಪಾತ್ರರಾದರು. ಅವರೂ ಅವರ ಸಂಗಾತಿಗಳೂ ಕಾಗದದ ಮೇಲೆ ಬಿಡಿಸಿಟ್ಟ ಶಾಖ ಪಂಪನ್ನೂ ಮಿಶ್ರ ಇಂಧನದ ವಾಹನವನ್ನೂ ಇವತ್ತು ಜಗತ್ತಿನ ದೊಡ್ಡ ಕಂಪನಿಗಳು ಭವಿಷ್ಯದ ತಂತ್ರಜ್ಞಾನವೆಂದು ಮಾರುತ್ತಿವೆ. ಕಾರ್ಮಿಕರಿಗೆ ಉದ್ಯಮ ನಡೆಸುವ ತಿಳಿವಳಿಕೆ ಎಲ್ಲಿದೆ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ಅವರ ಮುಂದೆ ಆ ಯೋಜನೆಯ ಪಟ್ಟಿಯನ್ನು ಇಡಿ. ಆಮೇಲೆ, 1976ರಲ್ಲಿ ಅದನ್ನು ತಳ್ಳಿಹಾಕಿದವರಿಗೆ ಯಾವ ತಿಳಿವಳಿಕೆ ಇತ್ತೆಂದು ಅವರನ್ನೇ ಕೇಳಿ.